ಮೊಬೈಲಿಗೂ ಚಾರ್ಜ್, ಆರೋಪಿಗೂ ಚಾರ್ಜ್: ಪದ ಒಂದೇ, ಅರ್ಥ ಹಲವು!

ಮೊಬೈಲ್‌ನಲ್ಲಿ ಚಾರ್ಜ್ ಇಲ್ಲ. ಆಟೋದವರು ಮಿನಿಮಮ್ ಚಾರ್ಜ್ ಕೇಳಿದರು. ಹೊಸ ಮ್ಯಾನೇಜರ್ ಚಾರ್ಜ್ ತೆಗೆದುಕೊಂಡರು. ಪ್ರತಿಭಟನಾಕಾರರ ಮೇಲೆ ಲಾಠಿ ಚಾರ್ಜ್ ಆಯಿತು. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಇಂಥ ವಾಕ್ಯಗಳನ್ನು ನಾವು ದಿನವೂ ಕೇಳುತ್ತೇವೆ, ಆಡುತ್ತೇವೆ. ಪದ ಒಂದೇ, ಅರ್ಥ ಐದು. ಇವುಗಳ ನಡುವೆ ಏನಾದರೂ ಸಂಬಂಧ ಇದೆಯೇ?

ಗಾಡಿಯಿಂದ ಬಂದ ಪದ

ಇದೆ. ಲ್ಯಾಟಿನ್‌ನಲ್ಲಿ 'ಕಾರಸ್' ಎಂದರೆ ಗಾಡಿ. ಅದರಿಂದ ಗಾಡಿಗೆ ಹೊರೆ ಹೇರುವುದು ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ 'ಚಾರ್ಜ್' ಆಗಿ ಬಂತು. ಕಾರ್, ಕ್ಯಾರಿ, ಕಾರ್ಗೋ ಪದಗಳೂ ಇದೇ ಬಳಗದವು.

ಹಿಂದೆ ಬಂದೂಕಿಗೆ ಒಂದು ಸಲಕ್ಕೆ ತುಂಬುವ ಮದ್ದಿಗೂ ಚಾರ್ಜ್ ಎನ್ನುತ್ತಿದ್ದರು. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರು ಲೇಡನ್ ಜಾಡಿಯಲ್ಲಿ ವಿದ್ಯುತ್ ತುಂಬುವುದಕ್ಕೂ ಅದೇ ಪದ ಬಳಸಿದರು. ಇಂದು ನಾವು ಫೋನಿಗೆ ಮಾಡುವುದೂ ಅದನ್ನೇ.

ಕನ್ನಡವೂ ಹೀಗೇ ಯೋಚಿಸುತ್ತದೆ. ಹೊಣೆಯನ್ನು 'ಹೊರುತ್ತೇವೆ', ಆರೋಪವನ್ನು 'ಹೊರಿಸುತ್ತೇವೆ', ದರ ಏರಿದರೆ 'ಹೊರೆ' ಎನ್ನುತ್ತೇವೆ. ಚಾರ್ಜ್ ಎಂದರೆ ಹೊರೆ ಎಂದುಕೊಂಡರೆ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಕೋರ್ಟಿನಲ್ಲಿ ಎಚ್ಚರ

ಅರ್ಥ ತಪ್ಪಿದರೆ ತೊಂದರೆ ಆಗುವುದು ಇಲ್ಲಿ. ಚಾರ್ಜ್‌ಶೀಟ್ ಎಂಬುದು ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಅದನ್ನು ನೋಡಿ ನ್ಯಾಯಾಧೀಶರು ಆರೋಪ ನಿಗದಿ ಮಾಡುವುದು ಮುಂದಿನ ಹಂತ. ಇಂಗ್ಲಿಷ್ ಪತ್ರಿಕೆಗಳು ಇದನ್ನು 'ಚಾರ್ಜಸ್ ಫ್ರೇಮ್ಡ್' ಎಂದು ಬರೆಯುತ್ತವೆ. ಎರಡೂ ಶಿಕ್ಷೆಯಲ್ಲ, ತಪ್ಪು ಸಾಬೀತಾಗಿದೆ ಎಂದೂ ಅಲ್ಲ.

'ಡಿಸ್ಚಾರ್ಜ್' ಎಂದರೆ ಹೊರೆ ಇಳಿಸುವುದು. ಆಸ್ಪತ್ರೆಯಲ್ಲಾದರೆ ಮನೆಗೆ ಹೋಗಬಹುದು ಎಂದರ್ಥ. ಕೋರ್ಟಿನಲ್ಲಾದರೆ, ಮುಂದುವರಿಯಲು ಸಾಕಷ್ಟು ಆಧಾರವಿಲ್ಲವೆಂದು ಸಾಕ್ಷಿ ವಿಚಾರಣೆಗೆ ಮೊದಲೇ ಕೈಬಿಡುವುದು. ಪೂರ್ತಿ ವಿಚಾರಣೆ ನಡೆದ ಮೇಲೆ ನಿರ್ದೋಷಿ ಎಂದು ಬಿಡುವುದು 'ಅಕ್ವಿಟಲ್'. ಎರಡೂ ಬೇರೆ. ಹಾಗೆಯೇ 'ರಿಲೀಸ್ಡ್ ವಿದೌಟ್ ಚಾರ್ಜ್' ಎಂದರೆ ಹಣ ಪಡೆಯದೆ ಬಿಟ್ಟರು ಎಂದಲ್ಲ, ಆರೋಪ ಹೊರಿಸದೆ ಬಿಟ್ಟರು ಎಂದು. 'ಫ್ರೀ ಆಫ್ ಚಾರ್ಜ್' ಎಂದಾಗ ಮಾತ್ರ ಅದು ಉಚಿತ.

ಆಸ್ತಿ ಪತ್ರದಲ್ಲೂ ಚಾರ್ಜ್

ಸಾಲದ ಕಾಗದದಲ್ಲಿ 'ಚಾರ್ಜಸ್' ಎಂದು ಕಂಡರೆ ಬಹುತೇಕರು ಪ್ರೊಸೆಸಿಂಗ್ ಫೀ ಇರಬೇಕು ಅಂದುಕೊಳ್ಳುತ್ತಾರೆ. ಆದರೆ 'ಚಾರ್ಜ್ ಆನ್ ದಿ ಪ್ರಾಪರ್ಟಿ' ಎಂದಿದ್ದರೆ ಕಥೆಯೇ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಅಡಮಾನ ಅಲ್ಲದಿದ್ದರೂ ಸ್ಥಿರಾಸ್ತಿಯನ್ನು ಹಣ ಪಾವತಿಗೆ ಭದ್ರತೆಯಾಗಿ ಇಟ್ಟರೆ ಅದು ಚಾರ್ಜ್. ಅಂದರೆ ಆ ಜಾಗದ ಮೇಲೆ ಬೇರೊಬ್ಬರ ಹಣದ ಹಕ್ಕು ಕೂತಿದೆ. ಮುಂಬೈ, ಪುಣೆಯಲ್ಲಿ ಫ್ಲ್ಯಾಟ್ ಕೊಳ್ಳುವವರಿಗೂ, ಊರಿನ ಜಮೀನು ಪಾಲು ಮಾಡಿಕೊಳ್ಳುವವರಿಗೂ ಇದು ಗೊತ್ತಿರಬೇಕು. ಕರ್ನಾಟಕದಲ್ಲಿ ಋಣಭಾರ ಪ್ರಮಾಣಪತ್ರವನ್ನೂ ಪಹಣಿಯಲ್ಲಿನ ಋಣಗಳ ಕಲಂ ಅನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಕೊನೆಗೆ ಒಂದು ಸುಲಭ ಉಪಾಯ. ಇಂಗ್ಲಿಷ್ ಕಾಗದದಲ್ಲಿ ಈ ಪದ ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವ ಹೊರೆ? ಯಾರ ಮೇಲೆ? ಹಣವೋ, ಹೊಣೆಯೋ, ಆರೋಪವೋ, ಸಾಲವೋ ಎಂಬುದು ಸ್ಪಷ್ಟವಾಗದಿದ್ದರೆ ಸಹಿ ಹಾಕುವ ಮೊದಲು ತಿಳಿದವರನ್ನು ಕೇಳಿ. ಸಹಿ ಬಿದ್ದ ಮೇಲೆ ಹೊರೆ ಇಳಿಸುವುದು ಅಷ್ಟು ಸುಲಭವಲ್ಲ.