ಕಂಪ್ಯೂಟರಿಗೆ ‘ಇದ್ದರೆ–ಬಂದರೆ’ ಕಲಿಸಿದ ಕೊವಾಲ್ಸ್ಕಿ

ಪಾಲಕರೇ, ಮಗುವನ್ನು ಕನ್ನಡ ಶಾಲೆಗೆ ಸೇರಿಸಿದ ದಿನದಿಂದ ಒಂದು ಪ್ರಶ್ನೆ ನಿಮ್ಮ ಬೆನ್ನು ಹತ್ತಿರುತ್ತದೆ. ನಾಳೆ ಕಂಪ್ಯೂಟರ್ ಕಲಿಯುವಾಗ ಮಗುವಿಗೆ ಕಷ್ಟವಾಗುವುದಿಲ್ಲವೇ? ನೆಂಟರು ಕೇಳುತ್ತಾರೆ, ನೆರೆಮನೆಯವರು ಕೇಳುತ್ತಾರೆ, ರಾತ್ರಿ ನೀವೇ ಕೇಳಿಕೊಳ್ಳುತ್ತೀರಿ. ಗಡಿಯಾಚೆ ಇರುವ ನಮಗೆ ಈ ಚಿಂತೆ ಇನ್ನಷ್ಟು ಭಾರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ, ಅದರ ಮೇಲೆ ಇಂಗ್ಲಿಷ್. ಇದಕ್ಕೆ ಬರೀ ಸಮಾಧಾನದ ಮಾತು ಸಾಲದು. ಕಂಪ್ಯೂಟರ್ ವಿಜ್ಞಾನದಲ್ಲೇ ಜೀವನ ಸವೆಸಿದ ಒಬ್ಬರ ಕೆಲಸವನ್ನು ನೋಡಿ, ಆಮೇಲೆ ನೀವೇ ತೀರ್ಮಾನಿಸಿ.

ಅವರ ಹೆಸರು ರಾಬರ್ಟ್ ಕೊವಾಲ್ಸ್ಕಿ. ಹುಟ್ಟಿದ್ದು 1941ರಲ್ಲಿ, ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ. ಇಂಗ್ಲಿಷಿನಲ್ಲೇ ಬೆಳೆದ ಹುಡುಗ, ಓದಿನಲ್ಲಿ ಚುರುಕು. ಆದರೂ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರು ಹಿಂದೆ ಬಿದ್ದ ವಿಷಯ ಯಾವುದು ಗೊತ್ತೇ? ಇಂಗ್ಲಿಷ್ ಬರವಣಿಗೆ! ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ, ದೋಷ ಪದಗಳಲ್ಲಿ ಇರಲಿಲ್ಲ, ಯೋಚನೆ ತಿಳಿಯಾಗಿರಲಿಲ್ಲ ಎಂಬುದು ಅವರಿಗೆ ಹೊಳೆಯಿತು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಒಂದು ಮಾತಿನಿಂದ ಇನ್ನೊಂದು ಮಾತು ಹೇಗೆ ಹುಟ್ಟುತ್ತದೆ ಎಂಬ ಈ ಹುಡುಕಾಟವೇ ಮುಂದೆ ಅವರ ವೃತ್ತಿಯಾಯಿತು. ಆ ಶಾಸ್ತ್ರಕ್ಕೆ ತರ್ಕ ಎಂದು ಹೆಸರು.

ಗಣಿತ ಓದಿ, ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ಕೊವಾಲ್ಸ್ಕಿ 1970ರಲ್ಲಿ ಡಾಕ್ಟರೇಟ್ ಪಡೆದರು. ಕಂಪ್ಯೂಟರ್ ತಾನೇ ತರ್ಕ ಮಾಡಿ ಪ್ರಮೇಯಗಳನ್ನು ಸಾಧಿಸುವುದು ಹೇಗೆ ಎಂಬುದು ಅವರ ವಿಷಯ. ಅದೇ ಹೊತ್ತಿಗೆ ಫ್ರಾನ್ಸಿನ ಮಾರ್ಸೆಯ್ ನಗರದಲ್ಲಿ ಅಲೆನ್ ಕೊಲ್ಮೆರೋರ್ ಎಂಬ ವಿಜ್ಞಾನಿ ಬೇರೊಂದು ಕೆಲಸದಲ್ಲಿ ತೊಡಗಿದ್ದರು. ಕಂಪ್ಯೂಟರಿನ ಜೊತೆ ಫ್ರೆಂಚ್ ಭಾಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯಬೇಕು ಎಂಬುದು ಅವರ ಆಸೆ. ಇಬ್ಬರೂ ಕೂಡಿ ಚರ್ಚಿಸಿದರು. ಆ ಚರ್ಚೆಯ ಬೆನ್ನಲ್ಲೇ, 1972ರ ಸುಮಾರಿಗೆ, ಮಾರ್ಸೆಯ್‌ನಲ್ಲಿ ‘ಪ್ರೊಲಾಗ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿತು. ಹೆಸರು ಕೂಡ ಫ್ರೆಂಚಿನದೇ. ‘ತರ್ಕದಲ್ಲಿ ಪ್ರೋಗ್ರಾಮಿಂಗ್’ ಎಂಬ ಅರ್ಥದ ಫ್ರೆಂಚ್ ಪದಗಳ ಹ್ರಸ್ವರೂಪ ಅದು. ಗಮನಿಸಿ, ಜಗತ್ತಿನ ಹೆಸರಾಂತ ಕಂಪ್ಯೂಟರ್ ಭಾಷೆಗಳಲ್ಲಿ ಒಂದು ಹುಟ್ಟಿದ್ದು ಇಂಗ್ಲಿಷಿಗಾಗಿ ಅಲ್ಲ, ತಮ್ಮ ಮಾತಿನಲ್ಲೇ ಯಂತ್ರವನ್ನು ಮಾತಾಡಿಸಬೇಕೆಂದವರ ಹಟದಿಂದ.

ಇದರಲ್ಲಿ ಕೊವಾಲ್ಸ್ಕಿ ಕೊಟ್ಟ ಮುಖ್ಯ ವಿಚಾರವನ್ನು ನಮ್ಮ ಮನೆಯ ಮಾತಿನಲ್ಲೇ ತಿಳಿಯಬಹುದು. ‘ಒಬ್ಬಾತ ಮಗುವಿನ ತಾಯಿಯ ಅಣ್ಣನೋ ತಮ್ಮನೋ ಆಗಿದ್ದರೆ, ಆತ ಆ ಮಗುವಿಗೆ ಸೋದರಮಾವ.’ ಇದು ಸಂಬಂಧವನ್ನು ಹೇಳುವ ಒಂದು ವಾಕ್ಯ. ಇದನ್ನೇ ತಿರುವಿ ಓದಿ: ‘ಸೋದರಮಾವ ಯಾರೆಂದು ತಿಳಿಯಬೇಕಾದರೆ ಮೊದಲು ತಾಯಿ ಯಾರೆಂದು ಹುಡುಕು, ಆಮೇಲೆ ಅವಳ ಅಣ್ಣತಮ್ಮಂದಿರನ್ನು ಹುಡುಕು.’ ಈಗ ಅದು ಕೆಲಸದ ಕ್ರಮವಾಯಿತು, ಅಂದರೆ ಪ್ರೋಗ್ರಾಂ. ಒಂದೇ ವಾಕ್ಯ ತಿಳಿವಳಿಕೆಯೂ ಹೌದು, ಕೆಲಸ ಮಾಡಿಸುವ ಸೂಚನೆಯೂ ಹೌದು ಎಂಬುದನ್ನು ಅವರು ಗಣಿತದ ಬಿಗಿಯಲ್ಲಿ ತೋರಿಸಿದರು. 1975ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂದ ಅವರು, 1979ರಲ್ಲಿ ಇದನ್ನು ಒಂದು ಸೂತ್ರದಲ್ಲಿ ಹಿಡಿದಿಟ್ಟರು: ತರ್ಕಕ್ಕೆ ನಿಯಂತ್ರಣ ಸೇರಿದರೆ ಅಲ್ಗಾರಿದಮ್.

ಇಲ್ಲಿ ನಿಮ್ಮ ಮಗುವಿನ ಕೈಯಲ್ಲಿರುವ ಬಂಡವಾಳವನ್ನೂ ನೋಡಿ. ಇಂಗ್ಲಿಷಿನಲ್ಲಿ ‘ಅಂಕಲ್’ ಎಂಬ ಒಂದೇ ಪದ. ಕನ್ನಡದ ಮಗುವಿಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಬೇರೆ ಬೇರೆ. ಯಾರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿದ ಮಗು ಆಗಲೇ ಹಲವು ನಿಯಮಗಳನ್ನು ತಲೆಯಲ್ಲಿ ಇಟ್ಟುಕೊಂಡಿದೆ. ಅವನ್ನು ಬಾಯಿಬಿಟ್ಟು ಹೇಳಲು ಕಲಿತರೆ ಅದೇ ಮೊದಲ ಪಾಠ.

ಕೊವಾಲ್ಸ್ಕಿ ಈ ವಿಚಾರವನ್ನು ಮಕ್ಕಳ ಬಳಿಗೂ ಕೊಂಡೊಯ್ದರು. 1970ರ ದಶಕದ ಕೊನೆಯಲ್ಲಿ ಲಂಡನ್ನಿನ ವಿಂಬಲ್ಡನ್ ಭಾಗದ ಒಂದು ಶಾಲೆಯಲ್ಲಿ ಮಕ್ಕಳಿಗೆ ತರ್ಕವನ್ನೇ ಕಂಪ್ಯೂಟರ್ ಭಾಷೆಯಾಗಿ ಕಲಿಸುವ ಕೆಲಸ ಶುರುವಾಯಿತು. ಫ್ರಾಂಕ್ ಮೆಕೇಬ್ ಎಂಬುವರು ಚಿಕ್ಕ ಕಂಪ್ಯೂಟರುಗಳಲ್ಲೂ ಓಡುವ ‘ಮೈಕ್ರೋ ಪ್ರೊಲಾಗ್’ ಮಾಡಿಕೊಟ್ಟರು. ರಿಚರ್ಡ್ ಎನ್ನಲ್ಸ್ ಮಕ್ಕಳಿಗಾಗಿ ಪಾಠಗಳನ್ನು ಬರೆದರು. ಇಂಥ ಪಾಠದಲ್ಲಿ ಮಗು ಮೊದಲು ತನಗೆ ಗೊತ್ತಿರುವ ಸಂಗತಿಗಳನ್ನು ಬರೆಯುತ್ತದೆ, ಆಮೇಲೆ ನಿಯಮ ಬರೆಯುತ್ತದೆ, ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ತಪ್ಪಿದರೆ ಯಾವ ನಿಯಮ ಸಡಿಲವಾಗಿದೆ ಎಂದು ತಾನೇ ಹುಡುಕುತ್ತದೆ.

ದೊಡ್ಡವರ ಲೋಕದಲ್ಲಿ ಇದರ ಬೆಲೆ 1986ರಲ್ಲಿ ಕಂಡಿತು. ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯ ದೊಡ್ಡ ಭಾಗವನ್ನು ಕೊವಾಲ್ಸ್ಕಿ, ಮಾರೆಕ್ ಸರ್ಗಾಟ್ ಮತ್ತು ಜೊತೆಗಾರರು ತರ್ಕದ ನಿಯಮಗಳಾಗಿ ಬರೆದು ಪ್ರಕಟಿಸಿದರು. ಕಾಯ್ದೆ ಜಾರಿಯಾದ ಮೇಲೆ ಆ ದೇಶದಲ್ಲಿ ಮಗು ಹುಟ್ಟಿದ್ದರೆ, ಹುಟ್ಟುವಾಗ ತಂದೆ ಅಥವಾ ತಾಯಿ ಅಲ್ಲಿನ ಪೌರರಾಗಿದ್ದರೆ ಇಲ್ಲವೇ ಅಲ್ಲಿ ಕಾಯಂ ನೆಲೆಸಿದ್ದರೆ, ಮಗು ಪೌರ. ಹೀಗೆ ಒಂದೊಂದೇ ಷರತ್ತನ್ನು ಬಿಡಿಸಿಟ್ಟಾಗ, ಒಬ್ಬರಿಗೆ ಹಕ್ಕು ಇದೆಯೋ ಇಲ್ಲವೋ ಎಂಬುದರ ಜೊತೆಗೆ ಯಾವ ಷರತ್ತಿನಿಂದ ಎಂಬುದನ್ನೂ ಕಂಪ್ಯೂಟರ್ ತೋರಿಸಬಲ್ಲದು. ಬೇರೆ ಭಾಷೆಯ ಅರ್ಜಿ ಹಿಡಿದು ಕಚೇರಿಯ ಕಿಟಕಿಯ ಮುಂದೆ ನಿಂತ ನಮಗೆ ‘ಆಗುವುದಿಲ್ಲ’ ಎಂಬ ಉತ್ತರಕ್ಕೂ ‘ಈ ಕಾರಣಕ್ಕೆ ಆಗುವುದಿಲ್ಲ’ ಎಂಬ ಉತ್ತರಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು.

ಅದೇ ವರ್ಷ ಕೊವಾಲ್ಸ್ಕಿ ಮತ್ತು ಸರ್ಗಾಟ್ ಕಾಲದ ಲೆಕ್ಕವನ್ನೂ ತರ್ಕಕ್ಕೆ ತಂದರು. ಒಂದು ಘಟನೆ ಒಂದು ಸ್ಥಿತಿಯನ್ನು ಆರಂಭಿಸುತ್ತದೆ, ಇನ್ನೊಂದು ಘಟನೆ ಅದನ್ನು ಮುಗಿಸುತ್ತದೆ, ನಡುವೆ ಆ ಸ್ಥಿತಿ ಹಾಗೆಯೇ ಇರುತ್ತದೆ. ಶಾಲೆಗೆ ಸೇರಿದಾಗ ಮಗು ಅಲ್ಲಿನ ವಿದ್ಯಾರ್ಥಿ. ಟಿ.ಸಿ. ಪಡೆದಾಗ ಆ ಸ್ಥಿತಿ ಮುಗಿಯಿತು. ನಡುವಿನ ಯಾವ ದಿನ ಕೇಳಿದರೂ ಉತ್ತರ ‘ಹೌದು’. ನಮಗೆ ಇದು ಸಹಜ, ಕಂಪ್ಯೂಟರಿಗೆ ಬಿಡಿಸಿ ಹೇಳಲೇಬೇಕು.

ಎಲ್ಲವೂ ಗೆಲುವೇ ಆಗಿರಲಿಲ್ಲ. 1982ರಲ್ಲಿ ಜಪಾನ್ ಈ ತರ್ಕದ ದಾರಿಯನ್ನೇ ನಂಬಿ ‘ಐದನೇ ತಲೆಮಾರಿನ’ ಕಂಪ್ಯೂಟರ್ ಯೋಜನೆಯನ್ನು ಆರಂಭಿಸಿತು. ಅಂದುಕೊಂಡಷ್ಟು ಫಲ ಬರಲಿಲ್ಲ. ಇಂದು ಸುದ್ದಿಯಲ್ಲಿರುವ ಕೃತಕ ಬುದ್ಧಿಮತ್ತೆ ಬೇರೆ ಹಾದಿಯದು, ಅಪಾರ ಬರಹವನ್ನು ಓದಿ ಕಲಿಯುವಂಥದ್ದು. ಕೊವಾಲ್ಸ್ಕಿ ತಮ್ಮ ಹಾದಿ ಬಿಡಲಿಲ್ಲ. ತರ್ಕದ ನಿಯಮಗಳು ಮನುಷ್ಯರು ಚೆನ್ನಾಗಿ ಯೋಚಿಸಲು, ಬರೆಯಲು ಹೇಗೆ ನೆರವಾಗುತ್ತವೆ ಎಂದು 2011ರಲ್ಲಿ ಪುಸ್ತಕ ಬರೆದರು. ಲಂಡನ್ ಸುರಂಗ ರೈಲಿನ ತುರ್ತು ಸೂಚನಾಫಲಕವನ್ನೇ ಉದಾಹರಣೆಯಾಗಿ ಹಿಡಿದು, ಒಳ್ಳೆಯ ಸೂಚನೆಯೊಂದು ಪ್ರೋಗ್ರಾಮಿನಂತೆಯೇ ಇರುತ್ತದೆ ಎಂದು ಅದರಲ್ಲಿ ತೋರಿಸಿದ್ದಾರೆ. ಕೃತಕ ಬುದ್ಧಿಮತ್ತೆಯ ಅಂತರರಾಷ್ಟ್ರೀಯ ಸಮ್ಮೇಳನ ಅವರ ಸಂಶೋಧನೆಗೆ ಪ್ರಶಸ್ತಿ ಕೊಟ್ಟದ್ದೂ ಅದೇ ವರ್ಷ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕಂಪ್ಯೂಟರ್ ಕಲಿಯಲು ಇಂಗ್ಲಿಷ್ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪುಸ್ತಕಗಳು, ಆದೇಶದ ಪದಗಳು, ಮುಂದಿನ ಓದು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ನಮ್ಮ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿ ಎಂದು ಶಿಕ್ಷಕರನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಅದಕ್ಕಿಂತ ಕೆಳಗೆ ಇನ್ನೊಂದು ಅಡಿಪಾಯವಿದೆ: ಯಾವುದರಿಂದ ಯಾವುದು ಬರುತ್ತದೆ ಎಂದು ತಪ್ಪಿಲ್ಲದೆ ಹೇಳುವ ಅಭ್ಯಾಸ. ಇಂಗ್ಲಿಷಿನಲ್ಲೇ ಬೆಳೆದ ಕೊವಾಲ್ಸ್ಕಿಯವರಿಗೂ ಅದನ್ನು ಬೇರೆಯಾಗಿ ಕಲಿಯಬೇಕಾಯಿತು. ಅದು ಮಗು ಚೆನ್ನಾಗಿ ಬಲ್ಲ ಭಾಷೆಯಲ್ಲಿ ಬೇಗ ಕೂಡಿಬರುತ್ತದೆ.

ಇದಕ್ಕೆ ಕಂಪ್ಯೂಟರೂ ಬೇಡ, ಖರ್ಚೂ ಇಲ್ಲ. ಊಟವಾದ ಮೇಲೆ ಮಗುವಿಗೆ ಹೇಳಿ: ‘ಅತ್ತೆ ಎಂದರೆ ಯಾರು? ಒಂದೇ ವಾಕ್ಯದಲ್ಲಿ ಹೇಳು.’ ‘ಅಪ್ಪನ ಅಕ್ಕ’ ಎಂದರೆ, ‘ಅಪ್ಪನ ತಂಗಿ ಆಗುವುದಿಲ್ಲವೇ? ಮಾವನ ಹೆಂಡತಿ?’ ಎಂದು ಕೇಳಿ. ಮಗು ನಿಯಮವನ್ನು ತಿದ್ದುತ್ತದೆ. ಪಡಿತರ ಅಂಗಡಿಯ ಫಲಕ ಮಲಯಾಳದಲ್ಲೋ ತಮಿಳಿನಲ್ಲೋ ಇದ್ದರೆ, ಅದರ ಷರತ್ತುಗಳನ್ನು ‘ಇದ್ದರೆ, ಇಲ್ಲದಿದ್ದರೆ’ ಎಂದು ಕನ್ನಡದಲ್ಲಿ ಬರೆಯಲು ಹೇಳಿ. ಆಟದ ನಿಯಮ ಹೇಳಿಸಿ. ಎಲ್ಲಿ ‘ಯಾಕೆ’ ಎಂದು ಕೇಳಿದಾಗ ಮಗು ತಡವರಿಸುತ್ತದೋ ಅಲ್ಲಿಯೇ ಕಲಿಕೆ ನಡೆಯುತ್ತಿರುತ್ತದೆ, ಅವಸರ ಮಾಡಬೇಡಿ.