ಕಲ್ಲಿನಿಂದ ಮೂಡಿದ ಕಾಡು

1828ರ ನವೆಂಬರ್ 12. ವಿಯೆನ್ನಾದಲ್ಲಿ ಹಾಸಿಗೆ ಹಿಡಿದಿದ್ದ ಸಂಗೀತಗಾರ ಫ್ರಾನ್ಸ್ ಶೂಬರ್ಟ್ ಗೆಳೆಯ ಶೋಬರ್‌ಗೆ ಪತ್ರ ಬರೆದರು. ಹನ್ನೊಂದು ದಿನಗಳಿಂದ ಹೊಟ್ಟೆಗೆ ಏನೂ ಸೇರಿಲ್ಲವೆಂದು ತಿಳಿಸಿ, ಅಮೆರಿಕದ ಜೇಮ್ಸ್ ಫೆನಿಮೋರ್ ಕೂಪರ್ ಬರೆದ ಪುಸ್ತಕಗಳಿದ್ದರೆ ಕಳಿಸು ಎಂದು ಬೇಡಿಕೊಂಡರು. ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಸೇರಿದಂತೆ ನಾಲ್ಕು ಕಾದಂಬರಿಗಳನ್ನು ಅವರು ಆಗಲೇ ಓದಿ ಮುಗಿಸಿದ್ದರು. ಒಂದೇ ವಾರದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ.

1826ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಕಾದಂಬರಿ ಅದೇ ವರ್ಷ ಜರ್ಮನ್ ಭಾಷೆಗೆ ಬಂತು. 1757ರ ಇಂಗ್ಲಿಷ್–ಫ್ರೆಂಚ್ ಯುದ್ಧದ ನಡುವೆ ಕಾಡು ದಾಟುವವರ ಕಥೆ ಇದು. ಬಿಳಿಯ ಬೇಟೆಗಾರ ನ್ಯಾಟಿ ಬಂಪೊ, ಅಮೆರಿಕದ ಮೂಲನಿವಾಸಿ ಮೊಹಿಕನ್ ಬುಡಕಟ್ಟಿನ ಗೆಳೆಯ ಚಿಂಗಾಚ್‌ಗೂಕ್, ಅವನ ಮಗ ಅಂಕಸ್ ಇದರ ಜೀವಾಳ. ಬಂಪೊ ತೊಡುವ ತೊಗಲಿನ ಕಾಲುಚೀಲದಿಂದಾಗಿ ಅವನ ಕಥೆಯ ಐದೂ ಕಾದಂಬರಿಗಳಿಗೆ ಜರ್ಮನಿಯಲ್ಲಿ ‘ಲೇಡರ್‌ಸ್ಟ್ರುಂಪ್ಫ್’ ಎಂಬ ಹೆಸರೇ ನಿಂತಿತು. ವಯೋವೃದ್ಧ ಜರ್ಮನ್ ಕವಿ ಗಯಟೆ ಕೂಡ ಕೂಪರ್‌ ಕಾದಂಬರಿಗಳನ್ನು ಆಸಕ್ತಿಯಿಂದ ಓದಿದರು.

ಮುಂದೆ ಈ ಕಾದಂಬರಿಗಳು ಮಕ್ಕಳ ಕೈಗೆ ಬಂದವು. 1845ರಲ್ಲಿ ಫ್ರಾನ್ಸ್ ಹಾಫ್‌ಮನ್ ಎಂಬ ಲೇಖಕರು ಐದೂ ಕಾದಂಬರಿಗಳನ್ನು ಎಳೆಯರಿಗಾಗಿ ಸಂಕ್ಷೇಪಿಸಿ ಸ್ಟುಟ್‌ಗಾರ್ಟ್‌ನಲ್ಲಿ ಪ್ರಕಟಿಸಿದರು. ಉದ್ದುದ್ದ ವರ್ಣನೆಗಳು ಕರಗಿ ಸಾಹಸ ಉಳಿಯಿತು. ಇಂಥ ಸಚಿತ್ರ ಆವೃತ್ತಿಗಳನ್ನು ಓದುತ್ತಲೇ ಜರ್ಮನಿಯ ತಲೆಮಾರುಗಳು ಬೆಳೆದವು.

ಬಾಲ್ಯದಲ್ಲಿ ಈ ಕಥೆಗಳನ್ನು ಹಚ್ಚಿಕೊಂಡವರಲ್ಲಿ 1868ರಲ್ಲಿ ಹುಟ್ಟಿದ ಮ್ಯಾಕ್ಸ್ ಸ್ಲೆವೋಗ್ಟ್ ಒಬ್ಬರು. ಮುಂದೆ ಅವರು ಜರ್ಮನಿಯ ದೊಡ್ಡ ಇಂಪ್ರೆಷನಿಸ್ಟ್ ಕಲಾವಿದರಲ್ಲಿ ಒಬ್ಬರಾದರು. 1909ರಲ್ಲಿ ಬರ್ಲಿನ್‌ನ ಪ್ರಕಾಶಕ ಪೌಲ್ ಕಸಿರರ್ ತಮ್ಮ ಪಾನ್ ಪ್ರೆಸ್‌ನಿಂದ ‘ಲೇಡರ್‌ಸ್ಟ್ರುಂಪ್ಫ್’ ಹೊರತಂದಾಗ ಪಠ್ಯವನ್ನು ಕಾರ್ಲ್ ಫೆಡರ್ನ್ ಸಿದ್ಧಪಡಿಸಿದರು, ನೂರಾರು ಕಲ್ಲಚ್ಚಿನ ಚಿತ್ರಗಳನ್ನು ಸ್ಲೆವೋಗ್ಟ್ ಬರೆದರು. ಕೆಲವು ಚಿತ್ರಗಳು ಇಡೀ ಪುಟ ತುಂಬಿದರೆ, ಉಳಿದವು ಸಾಲುಗಳ ನಡುವೆಯೇ ನುಗ್ಗುತ್ತವೆ. ಇಲ್ಲಿ ಚಿತ್ರ ಪಠ್ಯದ ಹಿಂದೆ ನಡೆಯುವುದಿಲ್ಲ, ಜೊತೆಗೆ ಓಡುತ್ತದೆ. ಬಾಲಕನಾಗಿ ಪಡೆದದ್ದನ್ನು ಕಲಾವಿದ ಬೆಳೆದು ಹಿಂತಿರುಗಿಸಿದ ಪುಸ್ತಕವಿದು.

ಕಲ್ಲಚ್ಚಿನ ಕೆಲಸ ಸೊಗಸಾದದ್ದು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯಬೇಕು. ಮೇಲೆ ಗೋಂದು ಮತ್ತು ತುಸು ಆಮ್ಲ ಸವರಿ, ನೀರಿನಿಂದ ಒದ್ದೆ ಮಾಡಿ, ಶಾಯಿಯ ಉರುಳೆ ಉರುಳಿಸಬೇಕು. ನೀರು ಹೀರಿದ ಕಲ್ಲು ಶಾಯಿಯನ್ನು ದೂರ ತಳ್ಳುತ್ತದೆ, ಜಿಡ್ಡಿನ ಗೆರೆ ಹಿಡಿದುಕೊಳ್ಳುತ್ತದೆ. ಕಲ್ಲಿನ ಚಿತ್ರ ಕಾಗದದ ಮೇಲೆ ತಿರುಗುಮುರುಗಾಗಿ ಬೀಳುವುದರಿಂದ ಎಡ–ಬಲದ ಲೆಕ್ಕ ಮೊದಲೇ ಹಾಕಿರಬೇಕು. ಕೊರೆಯುವವನ ಕೈ ನಡುವೆ ಬರುವುದಿಲ್ಲವಾದ್ದರಿಂದ ಕಲಾವಿದನ ಕೈಬರಹವೇ ಪುಟದ ಮೇಲೆ ಉಳಿಯುತ್ತದೆ. ಆ ಕಡ್ಡಿಯ ಒರಟು ವೇಗದಲ್ಲೇ ಸ್ಲೆವೋಗ್ಟ್ ಚಿತ್ರಗಳ ಜೀವವಿದೆ.

ಈ ವಿಧಾನವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ನಾಟಕಕಾರ ಅಲೊಯಿಸ್ ಸೆನೆಫೆಲ್ಡರ್ ಕಂಡುಹಿಡಿದರು. ಅಗ್ಗವಾಗಿ ತಮ್ಮ ನಾಟಕಗಳನ್ನು ಅಚ್ಚು ಮಾಡಿಸುವುದು ಅವರ ಉದ್ದೇಶವಾಗಿತ್ತು. ನಮಗೂ ಇದು ಪರಕೀಯವಲ್ಲ. ಜರ್ಮನಿಯ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಬಂದದ್ದು.

ಇಷ್ಟಾದರೂ ಸ್ಲೆವೋಗ್ಟ್ ಅವರ ಪುಟಗಳು ತೋರಿಸುವುದು ಜರ್ಮನಿ ಕನಸಿದ ಅಮೆರಿಕವನ್ನು. ಸೊಗಸಾದ ಗೆರೆಗಳಿಗೆ ಮನಸೋಲುವಾಗ ಒಂದು ಮಾತನ್ನು ಮರೆಯಬಾರದು: ಕೂಪರ್ ‘ಕೊನೆಯವನು’ ಎಂದು ಬರೆದರೂ ಮೊಹಿಕನ್ನರು ಅಳಿದುಹೋಗಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅವರ ಸಮುದಾಯ ಇಂದಿಗೂ ಬಾಳುತ್ತಿದೆ.