ಪುಟ್ಟ ಫ್ಯಾನ್ ನಿಂತರೆ ದೊಡ್ಡ ಕಾರ್ಡಿಗೆ ಕುತ್ತು

ಕಂಪ್ಯೂಟರ್ ಪೆಟ್ಟಿಗೆಯೊಳಗೆ ತಿರುಗುವ ಭಾಗಗಳು ತೀರಾ ಕಡಿಮೆ. ಅವುಗಳಲ್ಲಿ ಮುಖ್ಯವಾದವು ಫ್ಯಾನ್‌ಗಳು. ಅಂಗೈಯಗಲದ ಪ್ಲಾಸ್ಟಿಕ್ ರೆಕ್ಕೆಗಳು, ಬೆಲೆ ಕೆಲವು ನೂರು ರೂಪಾಯಿ. ಆದರೆ ಅಂಥದ್ದೊಂದು ನಿಂತುಹೋದರೆ ಸಾವಿರಾರು ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಹಾಳಾಗಬಹುದು. ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಆದದ್ದೂ ಅದೇ.

ಏನಿದು ಗ್ರಾಫಿಕ್ಸ್ ಕಾರ್ಡ್?

ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಚಿತ್ರವೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳ ರಂಗೋಲಿ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಮಕ್ಕಳೇ, ಗುಣಿಸಿ ನೋಡಿ: 20,73,600 ಚುಕ್ಕಿಗಳು! ಈ ರಂಗೋಲಿಯನ್ನು ಸೆಕೆಂಡಿಗೆ 60 ಸಲ ಅಳಿಸಿ ಮತ್ತೆ ಬಿಡಿಸಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕಿ. ಆಟಗಳಲ್ಲಿ, ಕಾರ್ಟೂನ್ ತಯಾರಿಯಲ್ಲಿ ಪ್ರತಿ ಚುಕ್ಕಿಯ ಬಣ್ಣವನ್ನೂ ಲೆಕ್ಕ ಹಾಕಿ ಹೇಳುವುದು ಗ್ರಾಫಿಕ್ಸ್ ಕಾರ್ಡಿನ ಚಿಪ್.

ಇಷ್ಟು ದುಡಿದರೆ ಬಿಸಿಯಾಗದೆ ಇರುತ್ತದೆಯೇ? ಸಣ್ಣ ಕಾರ್ಡುಗಳೇ 75 ವ್ಯಾಟ್‌ವರೆಗೆ ವಿದ್ಯುತ್ ಬಳಸುತ್ತವೆ. ದೊಡ್ಡವು ಇನ್ನೂ ಹೆಚ್ಚು. ಹಿರಿಯರಿಗೆ ಹಳೆಯ 75 ವ್ಯಾಟ್ ಬುರುಡೆ ದೀಪ ನೆನಪಿರಬಹುದು. ಉರಿಯುವಾಗ ಮುಟ್ಟಿದರೆ ಕೈ ಸುಡುತ್ತಿತ್ತು. ಅಷ್ಟೂ ಬಿಸಿ ಅಂಚೆಚೀಟಿಯಷ್ಟಗಲದ ಚಿಪ್ಪಿನಲ್ಲಿ ಹುಟ್ಟಿದರೆ ಹೇಗಿರಬೇಡ!

ಬಿಸಿ ಹೊರಗೆ ಹೋಗುವ ದಾರಿ

ಬಿಸಿ ಕಾಫಿಯನ್ನು ಲೋಟದಿಂದ ಅಗಲವಾದ ಬಟ್ಟಲಿಗೆ ಹುಯ್ದು ಊದಿ ಕುಡಿಯುತ್ತೇವಲ್ಲ, ಕಾರ್ಡಿನೊಳಗಿನ ಉಪಾಯವೂ ಅದೇ. ಚಿಪ್ಪಿನ ಮೇಲೆ ಬೂದು ಬಣ್ಣದ ಪೇಸ್ಟ್ ಸವರಿ, ಅದರ ಮೇಲೆ ತಾಮ್ರ ಅಥವಾ ಅಲ್ಯೂಮಿನಿಯಮ್ಮಿನ ಗಟ್ಟಿ ಕೂರಿಸಿರುತ್ತಾರೆ. ಅದಕ್ಕೆ ತೆಳುವಾದ ಪಟ್ಟಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಬೈಕಿನ ಎಂಜಿನ್ ಸುತ್ತ ಕಾಣುವ ಲೋಹದ ಪಟ್ಟಿಗಳಂತೆಯೇ ಇವು. ಬಿಸಿ ಈ ಪಟ್ಟಿಗಳಿಗೆ ಹರಡುತ್ತದೆ, ಫ್ಯಾನ್ ಊದಿ ಅದನ್ನು ಆಚೆ ಕಳಿಸುತ್ತದೆ.

ಫ್ಯಾನ್ ನಿಲ್ಲುವುದೇಕೆ? ಅದರ ಅಚ್ಚು ತಿರುಗುವ ಜಾಗದಲ್ಲಿ ಒಂದಿಷ್ಟು ಎಣ್ಣೆ ಇರುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಒಣಗಿ, ಧೂಳು ಸೇರಿ ಜಿಗುಟಾಗುತ್ತದೆ. ಮೊದಲು ‘ಗೊರ್’ ಎಂಬ ಸದ್ದು, ಆಮೇಲೆ ತಡವರಿಕೆ, ಕೊನೆಗೆ ಸ್ತಬ್ಧ.

ಬಿಸಿ ಮಿತಿ ಮೀರಿದರೆ ಚಿಪ್ ತಾನಾಗಿಯೇ ಕೆಲಸ ನಿಧಾನ ಮಾಡಿಕೊಳ್ಳುತ್ತದೆ. ಇನ್ನೂ ಏರಿದರೆ ಕಂಪ್ಯೂಟರ್ ಆಫ್ ಆಗಬಹುದು. ಆದರೆ ಹಾಗೆ ಮತ್ತೆ ಮತ್ತೆ ಕಾದು ತಣಿಯುತ್ತಿದ್ದರೆ ಚಿಪ್ಪಿನ ಅಡಿಯ ಬೆಸುಗೆ ಹಿಗ್ಗಿ ಕುಗ್ಗಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಅಕ್ಕಪಕ್ಕದ ಮೆಮೊರಿ ಚಿಪ್ಪುಗಳಿಗೂ ಪೆಟ್ಟು ಬೀಳುತ್ತದೆ.

ಇದನ್ನೆಲ್ಲ ವಿವರಿಸಿದಾಗ ನನ್ನಾಕೆ ಒಂದೇ ಮಾತಿನಲ್ಲಿ ಮುಗಿಸಿದಳು: “ಒಲೆ ಉರೀತಾ ಇದೆ, ಪಾತ್ರೇಲಿ ನೀರಿಲ್ಲ. ಅಷ್ಟೇ ತಾನೆ?”

ಸಿನಿಮಾ ಹೋಯಿತೇ?

ಒಂಬತ್ತನೇ ತರಗತಿಯ ಮೊಮ್ಮಗಳು ಏಳು ತಿಂಗಳಿಂದ ಕಾಗಕ್ಕ–ಗುಬ್ಬಕ್ಕನ ಕಥೆಯನ್ನು ನಾಲ್ಕು ನಿಮಿಷದ ಕಾರ್ಟೂನ್ ಮಾಡುತ್ತಿದ್ದಳು. ಕಥೆ ಹೇಳುವ ದನಿ ಅವಳ ಅಜ್ಜಿಯದು. ಕೊನೆಯ ಇಪ್ಪತ್ತು ಸೆಕೆಂಡ್ ಮಾತ್ರ ಬಾಕಿ ಇತ್ತು. ಒಂದು ವಾರ ಚಿತ್ರ ತಡವರಿಸಿತು. ಆಮೇಲೆ ಪರದೆ ತುಂಬ ಹಸಿರು, ಗುಲಾಬಿ ಗೆರೆಗಳು. ಒಂದು ಸಂಜೆ ಪರದೆ ಕಪ್ಪಾಯಿತು.

“ಅಜ್ಜ, ಸಿನಿಮಾ ಪೂರ್ತಿ ಹೋಯ್ತು!” ಎಂದು ಅಳತೊಡಗಿದಳು. “ಹಾಗಾದ್ರೆ ನನ್ನ ದನೀನೂ ಹೋಯ್ತಾ?” ಎಂದಳು ಅಜ್ಜಿ.

ಇಲ್ಲ, ಹೋಗಿರಲಿಲ್ಲ. ಪರದೆ ಕಪ್ಪಾದ ಮನೆಗಳಲ್ಲೆಲ್ಲ ಈ ಭಯ ಹುಟ್ಟುತ್ತದೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ತೋರಿಸುತ್ತದೆ, ಜೋಪಾನ ಮಾಡುವುದು ಅದರ ಕೆಲಸವಲ್ಲ. ಫೋಟೊ, ದನಿ, ಪಾಠ ಎಲ್ಲವೂ ಇರುವುದು ಡಿಸ್ಕ್‌ನಲ್ಲಿ.

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡೆ. ಸ್ಕ್ರೂ ಬಿಚ್ಚಿ, ಕೊಂಡಿ ಸರಿಸಿ ಕಾರ್ಡ್ ತೆಗೆದೆ. ಅನೇಕ ಕಂಪ್ಯೂಟರ್‌ಗಳ ಪ್ರೊಸೆಸರ್‌ನಲ್ಲೇ ಸಣ್ಣ ಗ್ರಾಫಿಕ್ಸ್ ವ್ಯವಸ್ಥೆ ಇರುತ್ತದೆ. ನಮ್ಮದರಲ್ಲೂ ಇತ್ತು. ಪರದೆಯ ಕೇಬಲ್ಲನ್ನು ಮದರ್‌ಬೋರ್ಡಿನ ಜಾಗಕ್ಕೆ ಚುಚ್ಚಿ ಆನ್ ಮಾಡಿದೆವು. ಚಿತ್ರ ಬಂತು! ಗುಬ್ಬಕ್ಕ ತನ್ನ ಗೂಡಿನಲ್ಲೇ ಇದ್ದಳು. ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು.

ರಿಪೇರಿಯ ಲೆಕ್ಕಾಚಾರ

ಅಂಗಡಿಯವರು ಬೆರಳಿನಿಂದ ರೆಕ್ಕೆ ತಿರುಗಿಸಿದರು. ಅಲುಗಲಿಲ್ಲ. “ಸಾರ್, ಫ್ಯಾನ್ ಜಾಮ್ ಆಗಿದೆ. ಹೊಸದು ಹಾಕಿ ನೋಡೋಣ. ಆದ್ರೆ ಗೆರೆ ಬಂದಿದೆ ಅಂದ್ರೆ ಒಳಗೂ ಪೆಟ್ಟು ಬಿದ್ದಿರಬಹುದು” ಎಂದರು. ಹಾಗೆಯೇ ಆಯಿತು. ಹೊಸ ಫ್ಯಾನ್ ತಿರುಗಿತು, ಗೆರೆಗಳು ಹೋಗಲಿಲ್ಲ. ಚಿಪ್ಪನ್ನು ಕಿತ್ತು ಹೊಸದಾಗಿ ಬೆಸೆಯಬಹುದು, ಆದರೆ ಎಷ್ಟು ದಿನ ಬಾಳುತ್ತದೆಂದು ಹೇಳಲಾಗದು ಎಂದು ಅವರೇ ಪ್ರಾಮಾಣಿಕವಾಗಿ ತಿಳಿಸಿದರು. ವಾರಂಟಿ ಮುಗಿದಿತ್ತು. ಹೊಸ ಕಾರ್ಡಿಗೆ ನನ್ನ ಪಿಂಚಣಿಯಲ್ಲಿ ಜಾಗವಿರಲಿಲ್ಲ.

“ಓವನ್‌ನಲ್ಲಿ ಬೇಯಿಸಿದ್ರೆ ಸರಿಯಾಗುತ್ತಂತೆ” ಎಂದು ಮೊಮ್ಮಗಳ ಗೆಳತಿ ಸಲಹೆ ಕೊಟ್ಟಳು. ಇದನ್ನು ಯಾರೂ ಮಾಡಬೇಡಿ. ಇಂದಿನ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಅದಕ್ಕಿಂತ ಕಡಿಮೆ ಕಾಯಿಸಿದರೆ ಕಾರ್ಡ್ ಕೆಲವು ದಿನ ಎದ್ದಂತೆ ನಟಿಸಿ ಮತ್ತೆ ಮಲಗುತ್ತದೆ. ಪ್ಲಾಸ್ಟಿಕ್ ಕರಗಿ ಬರುವ ಕೆಟ್ಟ ಹೊಗೆ ಊಟ ಬೇಯಿಸುವ ಓವನ್ನಿನಲ್ಲೇ ಉಳಿಯುತ್ತದೆ.

ಮೊಮ್ಮಗಳೇ ದಾರಿ ಹುಡುಕಿದಳು. ದೃಶ್ಯದ ದೀಪಗಳನ್ನು, ಮರದ ಎಲೆಗಳನ್ನು ಕಡಿಮೆ ಮಾಡಿ, ಕಾರ್ಡಿನ ಕೆಲಸವನ್ನು ಪ್ರೊಸೆಸರ್‌ಗೇ ವಹಿಸಿದಳು. ಸೆಕೆಂಡಿಗೆ 12 ಚಿತ್ರದಂತೆ ಇಪ್ಪತ್ತು ಸೆಕೆಂಡಿಗೆ 240 ಚಿತ್ರ. ಒಂದೊಂದಕ್ಕೆ ಹತ್ತು ನಿಮಿಷ. ಒಟ್ಟು 40 ಗಂಟೆ. ರಾತ್ರಿ ಎಂಟು ಗಂಟೆಯಂತೆ ಐದು ರಾತ್ರಿ ಕಂಪ್ಯೂಟರ್ ದುಡಿಯಿತು. ಆರನೆಯ ಬೆಳಿಗ್ಗೆ ಸಿನಿಮಾ ಸಿದ್ಧ. ಎಲೆ ಕಡಿಮೆಯಾದದ್ದು ಅಜ್ಜಿಗೆ ಗೊತ್ತೇ ಆಗಲಿಲ್ಲ.

ನೀವು ಗಮನಿಸಿ

• ಹೊಸ ಸದ್ದು ಕೇಳಿದರೆ ಅಲಕ್ಷಿಸಬೇಡಿ. ಫ್ಯಾನ್ ಮಾತ್ರ ಬದಲಿಸಿದರೆ ಸಾಕಾಗುವ ಕಾಲ ಅದು.

• ಕೆಲವು ಕಾರ್ಡುಗಳ ಫ್ಯಾನ್ ತಣ್ಣಗಿದ್ದಾಗ ನಿಂತೇ ಇರುತ್ತದೆ. ಅದು ದೋಷವಲ್ಲ. ಆಟ ಆಡುವಾಗ ತಿರುಗುತ್ತಿದೆಯೇ ನೋಡಿ.

• ಚಿಪ್ಪಿನ ಬಿಸಿಯನ್ನು ಕಂಪ್ಯೂಟರೇ ತೋರಿಸುತ್ತದೆ. ಅದು ಪದೇ ಪದೇ 90 ಡಿಗ್ರಿ ದಾಟುತ್ತಿದ್ದರೆ ಕೆಲಸ ನಿಲ್ಲಿಸಿ, ಕಾರಣ ಹುಡುಕಿ.

• ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಊದುಬತ್ತಿ ಹೊಗೆ, ಒಗ್ಗರಣೆಯ ಜಿಡ್ಡು ತಾಗದ ಜಾಗವಿರಲಿ.

• ಧೂಳು ಊದುವಾಗ ರೆಕ್ಕೆ ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪೆಟ್ಟಿಗೆ ತೆರೆಯುವಾಗ ಮಕ್ಕಳ ಜೊತೆ ದೊಡ್ಡವರಿರಲಿ.

• ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಅಂಟಾಗುತ್ತದೆ.

ಸತ್ತ ಕಾರ್ಡನ್ನು ಕಸದ ಬುಟ್ಟಿಗೆ ಹಾಕಬಾರದು. ಅದರಲ್ಲಿ ತಾಮ್ರವಿದೆ, ಅಂಚಿನ ಹಲ್ಲುಗಳ ಮೇಲೆ ಚಿನ್ನದ ತೆಳು ಲೇಪವೂ ಇದೆ. ಸುಟ್ಟರೆ ವಿಷದ ಹೊಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ನಮ್ಮ ಕಾರ್ಡನ್ನೂ ಇ–ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆವು. ಹೊಸದಾಗಿ ಹಾಕಿದ್ದ ಫ್ಯಾನನ್ನು ಮಾತ್ರ ಮೊಮ್ಮಗಳು ಬಿಚ್ಚಿಟ್ಟುಕೊಂಡಿದ್ದಾಳೆ. ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಅದು ಬೇಕಂತೆ.